ಚಪ್ಪಟೆ ಲಾಂಛನಕ್ಕೆ ಎತ್ತರ ಕೊಡುವುದು: ಮರದಲ್ಲಿ ಉಬ್ಬುಕೆತ್ತನೆಯ ಫಲಕ ಮಾಡುವ ಬಗೆ

ಕಂಪನಿಯ ಲಾಂಛನವನ್ನು ಮರದಲ್ಲಿ ಉಬ್ಬುಕೆತ್ತನೆಯಾಗಿ ಮಾಡಿಕೊಡಿ ಎಂದು ಕೇಳುವವರು ಸಾಮಾನ್ಯವಾಗಿ ಕೈಗೆ ಕೊಡುವುದು ಒಂದು ಲೆಟರ್‌ಹೆಡ್ ಹಾಳೆಯನ್ನು, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಚಿತ್ರವನ್ನು. ಆ ಚಿತ್ರದಲ್ಲಿ ಉದ್ದವಿದೆ, ಅಗಲವಿದೆ, ಬಣ್ಣವಿದೆ. ಎತ್ತರ ಮಾತ್ರ ಇಲ್ಲ. ಯಾವುದು ಮುಂದೆ, ಯಾವುದು ಹಿಂದೆ, ಎಲೆಯ ನಡುನರ ತಗ್ಗೋ ಉಬ್ಬೋ, ಹೆಸರಿನ ಅಕ್ಷರಗಳು ಹಲಗೆಯಿಂದ ಮೇಲೆದ್ದಿರಬೇಕೋ ಒಳಕ್ಕೆ ಇಳಿದಿರಬೇಕೋ ಎಂಬ ಯಾವ ಪ್ರಶ್ನೆಗೂ ಕಾಗದ ಉತ್ತರ ಕೊಡುವುದಿಲ್ಲ. ಸಿಎನ್‌ಸಿ ಯಂತ್ರವೂ (ಕಂಪ್ಯೂಟರಿನ ಆದೇಶದಂತೆ ಮರ ಕೊರೆಯುವ ಯಂತ್ರ) ಕೊಡುವುದಿಲ್ಲ. ಅದು ಹೇಳಿದಷ್ಟನ್ನು ಕೊರೆಯುತ್ತದೆ, ಅಷ್ಟೆ. ಹೀಗಾಗಿ ಈ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವು ಯಂತ್ರ ಚಾಲೂ ಆಗುವ ಮೊದಲೇ, ಎತ್ತರಗಳನ್ನು ನಿಶ್ಚಯಿಸುವ ಹಂತದಲ್ಲೇ ನಡೆದುಹೋಗಿರುತ್ತದೆ.

ವಿವರಣೆಗೆ ಒಂದು ಲಾಂಛನವನ್ನು ಕಲ್ಪಿಸಿಕೊಳ್ಳೋಣ. ಚಿಕ್ಕಮಗಳೂರಿನ ಕಡೆಯ ಕಾಫಿ ಸಂಸ್ಥೆಯದು ಎಂದಿಟ್ಟುಕೊಳ್ಳಿ. ಮೇಲೆ ಒಂದು ವೃತ್ತ. ಅದರೊಳಗೆ ಒಂದರ ಹಿಂದೊಂದು ಬೆಟ್ಟದ ಎರಡು ಸಾಲು. ಅವುಗಳ ಮುಂದೆ ಎರಡು ಎಲೆ, ಐದು ಹಣ್ಣುಗಳಿರುವ ಕಾಫಿ ರೆಂಬೆ. ವೃತ್ತದ ಕೆಳಗೆ ‘ಕಾಫಿ ವರ್ಕ್ಸ್’ ಎಂದು ಕೊನೆಗೊಳ್ಳುವ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು. ಫಲಕದ ಅಳತೆ 900 ಮಿಲಿಮೀಟರ್ ಅಗಲ, 600 ಮಿಲಿಮೀಟರ್ ಎತ್ತರ; ಅದು ಕಚೇರಿಯ ಒಳಗೆ, ಬಂದವರನ್ನು ಎದುರುಗೊಳ್ಳುವ ಮೇಜಿನ ಹಿಂದಿನ ಗೋಡೆಯ ಮೇಲೆ ಇರಬೇಕು.

ಮೂಲ ಕಡತ ಮತ್ತು ಗೆರೆಗಳ ಶುದ್ಧಿ

ಮೊದಲು ಕೇಳಬೇಕಾದದ್ದು ಲಾಂಛನದ ವೆಕ್ಟರ್ ಕಡತವನ್ನು. ಎಸ್‌ವಿಜಿ, ಎಐ, ಸಿಡಿಆರ್ ಅಥವಾ ವೆಕ್ಟರ್ ಆಗಿಯೇ ಉಳಿದಿರುವ ಪಿಡಿಎಫ್, ಇವುಗಳಲ್ಲಿ ಯಾವುದಾದರೂ ಆದೀತು. ಜೆಪೆಗ್ ಚಿತ್ರ ಬಿಂದುಗಳ ರಾಶಿ. ಅದನ್ನು ದೊಡ್ಡದು ಮಾಡಿದಷ್ಟೂ ಅಂಚು ಒಡೆಯುತ್ತದೆ. ವೆಕ್ಟರ್ ಕಡತದಲ್ಲಿ ಅಂಚು ಗಣಿತದ ಗೆರೆಯಾಗಿರುವುದರಿಂದ ಎಷ್ಟು ಹಿಗ್ಗಿಸಿದರೂ ನುಣುಪಾಗಿಯೇ ಇರುತ್ತದೆ. ಸಂಸ್ಥೆಯ ಬಳಿ ಅದು ಇಲ್ಲದಿದ್ದರೆ, ಲಾಂಛನ ಬಿಡಿಸಿದವರ ಬಳಿ ಅಥವಾ ಲೆಟರ್‌ಹೆಡ್ ಮುದ್ರಿಸುವ ಪ್ರೆಸ್ಸಿನಲ್ಲಿ ಬಹುಮಟ್ಟಿಗೆ ಇದ್ದೇ ಇರುತ್ತದೆ. ಅಲ್ಲಿಯೂ ಸಿಗದಿದ್ದಾಗ ಮಾತ್ರ ಇಂಕ್‌ಸ್ಕೇಪ್‌ನಂತಹ ಉಚಿತ ತಂತ್ರಾಂಶದಲ್ಲಿ ಚಿತ್ರದ ಮೇಲೆ ಹೊಸದಾಗಿ ಗೆರೆ ಎಳೆಯಬೇಕು. ತಾನೇ ಗೆರೆ ಎಳೆದುಕೊಡುವ ‘ಟ್ರೇಸ್’ ಸೌಲಭ್ಯವನ್ನು ನಂಬಿ ಕೂರುವುದು ಬೇಡ. ಅದು ಒಂದು ವೃತ್ತಕ್ಕೆ, ಗೆರೆಯ ಬಾಗನ್ನು ಹಿಡಿದಿಡುವ ಬಿಂದುಗಳಾದ ನೂರಾರು ನೋಡ್‌ಗಳನ್ನು ಸುರಿಯುತ್ತದೆ. ಕಣ್ಣಿಗೆ ಪರದೆಯ ಮೇಲೆ ಕಾಣದ ಆ ಸಣ್ಣ ನಡುಕಗಳೆಲ್ಲ ಮರದ ಅಂಚಿನಲ್ಲಿ ಹಲ್ಲುಹಲ್ಲಾಗಿ ಎದ್ದು ಕಾಣುತ್ತವೆ. ವೃತ್ತಕ್ಕೆ ನಾಲ್ಕು ನೋಡ್ ಸಾಕು.

ಅನ್ಯರ ಲಾಂಛನ ನೋಂದಾಯಿತ ವ್ಯಾಪಾರ ಚಿಹ್ನೆಯಾಗಿರಬಹುದಾದ್ದರಿಂದ, ಕೆಲಸ ಕೊಡುತ್ತಿರುವವರಿಗೆ ಅದನ್ನು ಮಾಡಿಸುವ ಅಧಿಕಾರವಿದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಂಡಿರುವುದು ಒಳ್ಳೆಯದು. ಬಣ್ಣ, ಅಳತೆಯ ಪ್ರಮಾಣ, ಸುತ್ತ ಬಿಡಬೇಕಾದ ಖಾಲಿ ಜಾಗ ಇವುಗಳ ಬಗ್ಗೆ ಸಂಸ್ಥೆಯ ನಿಯಮಾವಳಿ ಇದ್ದರೆ ಅದನ್ನೂ ಇದೇ ವೇಳೆಗೆ ಕೇಳಿ.

ಕನ್ನಡ ಅಕ್ಷರಗಳಿಗೆ ಬೇರೆಯೇ ಎಚ್ಚರಿಕೆ ಬೇಕು. ಈ ಬಗ್ಗೆ ಇಂಗ್ಲಿಷಿನ ಕೈಪಿಡಿಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಬರೆದ ಹೆಸರು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದಾದರೂ, ಭಾರತೀಯ ಲಿಪಿಗಳ ಜೋಡಣೆ ಬಾರದ ಹಳೆಯ ಆವೃತ್ತಿಯ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆದುದರಿಂದ ಅಕ್ಷರಗಳು ಸರಿಯಾಗಿ ಕಾಣುತ್ತಿರುವ ಕಂಪ್ಯೂಟರಿನಲ್ಲೇ ಅವನ್ನು ಗೆರೆಗಳಾಗಿ ಪರಿವರ್ತಿಸಿಕೊಂಡು ಬರಬೇಕು. ಕೋರೆಲ್‌ಡ್ರಾ ಬಳಸುವವರು ಇದನ್ನು ‘ಕರ್ವ್ ಮಾಡುವುದು’ ಎನ್ನುತ್ತಾರೆ. ಹೀಗೆ ಕರ್ವ್ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ‘ವರ್ಕ್ಸ್’ ಎಂಬ ಚಿಕ್ಕ ಪದವನ್ನೇ ನೋಡಿ: ಅದರಲ್ಲಿ ಕಕಾರ, ಅದರ ತಲೆಯ ಮೇಲೆ ಹಲಂತದ ಗುರುತು, ಕೆಳಗೆ ಸಕಾರದ ಒತ್ತು, ಪಕ್ಕದಲ್ಲಿ ಅರ್ಕಾವೊತ್ತು, ಇಷ್ಟೂ ಒಂದೇ ಗುಂಪಿನಲ್ಲಿ ಒತ್ತೊತ್ತಾಗಿ ಕುಳಿತಿವೆ. ಫಾಂಟ್‌ನಲ್ಲಿ ಇವು ಬೇರೆ ಬೇರೆ ತುಂಡುಗಳು. ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಕಾಗದದ ಮೇಲೆ ಎಲ್ಲವೂ ಒಂದೇ ಕಪ್ಪು ಬಣ್ಣವಾದ್ದರಿಂದ ಗೊತ್ತಾಗುವುದಿಲ್ಲ, ಆದರೆ ಯಂತ್ರಕ್ಕೆ ಆ ಹತ್ತಿಕೊಂಡ ಜಾಗದ ಒಳಗೆರೆಯೂ ಒಂದು ಅಂಚೇ. ಅದು ಅಕ್ಷರದ ಮೈಮೇಲೆ ಅಡ್ಡಗೀರು ಹಾಕಿಬಿಡುತ್ತದೆ. ತುಂಡುಗಳನ್ನೆಲ್ಲ ಬೆಸೆದು ಒಂದೇ ಹೊರಗೆರೆ ಮಾಡಿಕೊಂಡ ನಂತರ ಪೂರ್ಣ ಅಳತೆಯಲ್ಲಿ ಮುದ್ರಿಸಿ, ಕನ್ನಡ ಚೆನ್ನಾಗಿ ಬಲ್ಲವರೊಬ್ಬರಿಂದ ಗಟ್ಟಿಯಾಗಿ ಓದಿಸಿರಿ. ಕರ್ವ್ ಆದ ಅಕ್ಷರದ ತಪ್ಪನ್ನು ಯಾವ ತಂತ್ರಾಂಶವೂ ಹಿಡಿದುಕೊಡುವುದಿಲ್ಲ.

ಇದೇ ಮುದ್ರಿತ ಹಾಳೆಯ ಮೇಲೆ ಸ್ಕೇಲ್ ಇಟ್ಟು, ಗೆರೆ ಮತ್ತು ಗೆರೆಯ ನಡುವೆ ಅತಿ ಕಿರಿದಾದ ಸಂದು ಎಷ್ಟಿದೆ ಎಂದು ಅಳೆಯಿರಿ. 3 ಮಿಲಿಮೀಟರಿನ ಬಿಟ್ (ಯಂತ್ರದಲ್ಲಿ ತಿರುಗುತ್ತ ಮರ ಕೊರೆಯುವ ಮೊನೆ) 3 ಮಿಲಿಮೀಟರಿಗಿಂತ ಕಿರಿದಾದ ಸಂದಿಗೆ ಹೋಗಲಾರದು. ಒಳಮೂಲೆಯಲ್ಲಿ ಅದು 1.5 ಮಿಲಿಮೀಟರ್ ತ್ರಿಜ್ಯದ ದುಂಡನ್ನು ಬಿಟ್ಟೇ ಬಿಡುತ್ತದೆ. ಕನ್ನಡ ಲಿಪಿ ಮೂಲತಃ ದುಂಡಗಿರುವುದರಿಂದ ಈ ದುಂಡು ಇಂಗ್ಲಿಷಿನ ಚೂಪು ಮೂಲೆಗಳಲ್ಲಿ ಕೊಡುವಷ್ಟು ಕಾಟವನ್ನು ಇಲ್ಲಿ ಕೊಡುವುದಿಲ್ಲ. ಕಾಟ ಬರುವುದು ಸಂದುಗಳಿಂದ. ತಲೆಕಟ್ಟಿನ ಕೆಳಗಿನ ಸಂದು, ಸೊನ್ನೆಯ ಒಳಗಿನ ತೂತು, ಮೂಲಾಕ್ಷರಕ್ಕೂ ಒತ್ತಿಗೂ ನಡುವಿನ ಎಡೆ, ಇವು ಸಾಲದಿದ್ದರೆ ಅಕ್ಷರವನ್ನು ದೊಡ್ಡದು ಮಾಡಬೇಕು ಅಥವಾ ಸಂಸ್ಥೆಯ ಒಪ್ಪಿಗೆ ಪಡೆದು ಆ ಸಂದನ್ನು ಒಂದು ಕೂದಲಿನಷ್ಟು ಹಿಗ್ಗಿಸಬೇಕು. ಅಕ್ಷರದ ಎತ್ತರಕ್ಕೆ ಫಲಕ ಬರೆಯುವವರಲ್ಲಿ ಚಾಲ್ತಿಯಲ್ಲಿರುವ ಲೆಕ್ಕವೆಂದರೆ, ಪ್ರತಿ 3 ಮೀಟರ್ ದೂರಕ್ಕೆ 25 ಮಿಲಿಮೀಟರ್. ಬಾಗಿಲಿನಿಂದ ಗೋಡೆಗೆ 6 ಮೀಟರ್ ಇದ್ದರೆ ಹೆಸರಿನ ಅಕ್ಷರ 50 ಮಿಲಿಮೀಟರಿಗೆ ಕಡಿಮೆಯಿರಬಾರದು. ಕನ್ನಡದಲ್ಲಿ ಈ ಅಳತೆಯನ್ನು ಒತ್ತು ಬಿಟ್ಟು ಮೂಲಾಕ್ಷರಕ್ಕೆ ಮಾತ್ರ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಎತ್ತರದ ಪಟ್ಟಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಮುದ್ರಿತ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದೊಂದು ಭಾಗಕ್ಕೂ ಒಂದೊಂದು ಅಂಕಿ ಬರೆಯಬೇಕು. ಹಿನ್ನೆಲೆಯ ಸಮತಲ 0. ಅದರಿಂದ ಮೇಲಕ್ಕೆ ಎಷ್ಟು ಮಿಲಿಮೀಟರ್ ಎಂಬುದೇ ಆ ಅಂಕಿ. ಮರದ ಹಲಗೆ 36 ಮಿಲಿಮೀಟರ್ ದಪ್ಪವಿದ್ದು, ಹಿಂದೆ 14 ಮಿಲಿಮೀಟರ್ ಗಟ್ಟಿಯಾಗಿ ಉಳಿಯಬೇಕೆಂದರೆ ಆಟಕ್ಕೆ ಸಿಗುವುದು 22 ಮಿಲಿಮೀಟರ್. ನಮ್ಮ ಲಾಂಛನಕ್ಕೆ ನಾನು ಹಂಚುವ ರೀತಿ ಇದು: ಹಿಂದಿನ ಬೆಟ್ಟಕ್ಕೆ 3, ಮುಂದಿನ ಬೆಟ್ಟಕ್ಕೆ 6, ಎಲೆಗಳಿಗೆ ಅಂಚಿನಲ್ಲಿ 8ರಿಂದ ಬೆನ್ನಿನಲ್ಲಿ 14, ಹಣ್ಣುಗಳ ನೆತ್ತಿಗೆ 22, ವೃತ್ತದ ಕಟ್ಟಿಗೆ 12, ಹೆಸರಿನ ಅಕ್ಷರಗಳಿಗೆ 10. ಕೆಳಗಿನ ಸಣ್ಣ ಸಾಲು ಮೇಲೇಳದೆ ಹಲಗೆಯೊಳಕ್ಕೆ ಇಳಿಯುತ್ತದೆ.

ಹಂಚಿಕೆಯ ಹಿಂದಿನ ತರ್ಕ ಸರಳ. ನಿಜವಾದ ಬೆಟ್ಟ ಎಷ್ಟೇ ಎತ್ತರವಾಗಿದ್ದರೂ ಚಿತ್ರದಲ್ಲಿ ಅದು ದೂರದ್ದು, ಆದುದರಿಂದ ಕೆತ್ತನೆಯಲ್ಲಿ ಅದು ತಗ್ಗು. ಹಣ್ಣು ಕಿರಿದಾದರೂ ಹತ್ತಿರದ್ದು, ಅದಕ್ಕೇ ಎತ್ತರ. ಹೊಸಬರು ಇಲ್ಲಿ ಮಾಡುವ ಸಾಮಾನ್ಯ ತಪ್ಪೆಂದರೆ 40 ಮಿಲಿಮೀಟರ್ ಅಗಲದ ಹಣ್ಣಿಗೆ 20 ಮಿಲಿಮೀಟರ್ ಎತ್ತರ ಕೊಟ್ಟು ಪೂರ್ತಿ ಅರ್ಧಗೋಳ ಮಾಡುವುದು. ಲೆಕ್ಕಕ್ಕೆ ಅದು ಸರಿಯೇ, ನೋಟಕ್ಕೆ ಮಾತ್ರ ಹಲಗೆಯ ಮೇಲೆ ನಿಂಬೆಹೋಳು ಅಂಟಿಸಿದಂತಿರುತ್ತದೆ. ಉಬ್ಬುಕೆತ್ತನೆಯಲ್ಲಿ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಅಮುಕಿದಾಗಲೇ ನಿಜವೆನಿಸುತ್ತದೆ. ಹಣ್ಣನ್ನು 12ರ ಮಟ್ಟದಿಂದ 10 ಮಿಲಿಮೀಟರ್ ಮಾತ್ರ ಗುಮ್ಮಟವಾಗಿ ಎಬ್ಬಿಸಿದರೆ ಸಾಕು; ಉಳಿದ ಗುಂಡಗಿನ ಭಾವವನ್ನು ಬೆಳಕು ತುಂಬಿಕೊಡುತ್ತದೆ. ಇಲ್ಲಿ ಆಳಕ್ಕಿಂತ ಅಂಚಿನ ಖಚಿತತೆ ಮುಖ್ಯ ಎಂಬುದಕ್ಕೆ ಮೈಸೂರು ಶೈಲಿಯ ಚಿತ್ರಗಳಲ್ಲಿನ ಗೆಸ್ಸೋ ಎಂಬ ಉಬ್ಬುಲೇಪದ ಕೆಲಸವನ್ನು ನೋಡಬಹುದು. ಒಡವೆ, ಸಿಂಹಾಸನಗಳ ಮೇಲೆ ಎಬ್ಬಿಸಿದ ಆ ಉಬ್ಬು ತೀರ ತೆಳುವಾದದ್ದು. ಆದರೂ ಹಾಳೆಚಿನ್ನ ಹೊದ್ದ ಮೇಲೆ ಅದು ಬೆಳಕನ್ನು ಬೇರೆಯಾಗಿಯೇ ಹಿಡಿಯುತ್ತದೆ.

ಲಾಂಛನದಲ್ಲಿ ಬಣ್ಣ ಮಾಡುತ್ತಿದ್ದ ಕೆಲಸವನ್ನು ಕೆತ್ತನೆಯಲ್ಲಿ ನೆರಳು ಮಾಡಬೇಕು. ಕಾಗದದ ಮೇಲೆ ಹಸಿರು ಎಲೆಯೂ ಕೆಂಪು ಹಣ್ಣೂ ಬಣ್ಣದಿಂದಲೇ ಬೇರೆಯಾಗುತ್ತವೆ. ಮರದಲ್ಲಿ ಎರಡೂ ಒಂದೇ ಕಂದು. ಎರಡು ಭಾಗಗಳು ತಾಗುವ ಕಡೆ ಕನಿಷ್ಠ 2 ಮಿಲಿಮೀಟರ್ ಎತ್ತರದ ವ್ಯತ್ಯಾಸವಿರಲಿ. ಅದಕ್ಕೆ ಆಸ್ಪದವಿಲ್ಲದಿದ್ದರೆ ನಡುವೆ ಒಂದು ತೆಳು ತೋಡು ಕೊರೆಯಿರಿ. ಬಣ್ಣ ಒಂದರಿಂದ ಇನ್ನೊಂದಕ್ಕೆ ಮೆಲ್ಲನೆ ಕರಗುವಂತೆ ಬಿಡಿಸಿದ ಲಾಂಛನವಾದರೆ, ಆ ಕರಗುವಿಕೆಯನ್ನು ಇಳಿಜಾರಾಗಿ ಓದಿಕೊಳ್ಳಬೇಕು. ಕೂದಲಿನಂತಹ ಗೆರೆಗಳು, ಚುಕ್ಕೆಯ ನಮೂನೆಗಳು ಕೆತ್ತನೆಗೆ ಒಗ್ಗುವುದಿಲ್ಲವಾದ್ದರಿಂದ ಅವನ್ನು ಬಿಡುವುದಕ್ಕೋ ದಪ್ಪ ಮಾಡುವುದಕ್ಕೋ ಮೊದಲೇ ಒಪ್ಪಿಗೆ ಪಡೆಯಿರಿ.

ನೆರಳಿಗೂ ಅಳತೆಯುಂಟು, ಅದನ್ನು ಮೊದಲೇ ಲೆಕ್ಕ ಹಾಕಬಹುದು. ಮೇಲಿನ ದೀಪದ ಬೆಳಕು ಗೋಡೆಯೊಂದಿಗೆ 45 ಡಿಗ್ರಿ ಕೋನದಲ್ಲಿ ಬಿದ್ದರೆ 10 ಮಿಲಿಮೀಟರ್ ಎತ್ತರದ ಅಕ್ಷರದ ನೆರಳು ಕೆಳಗೆ 10 ಮಿಲಿಮೀಟರ್ ಚಾಚುತ್ತದೆ. ದೀಪ ಗೋಡೆಗೆ ಹತ್ತಿರವಾಗಿ ಕೋನ 30 ಡಿಗ್ರಿಗೆ ಇಳಿದರೆ ಅದೇ ನೆರಳು 17 ಮಿಲಿಮೀಟರಿಗೆ ಬೆಳೆಯುತ್ತದೆ. ಹೆಸರಿನ ಕೆಳಗಿನ ಸಣ್ಣ ಸಾಲು ಕೇವಲ 12 ಮಿಲಿಮೀಟರ್ ದೂರದಲ್ಲಿದ್ದರೆ ಅದರ ತಲೆಕಟ್ಟುಗಳೆಲ್ಲ ಕತ್ತಲಲ್ಲಿ ಮುಳುಗುತ್ತವೆ. ಹಾಗೆಯೇ 12 ಮಿಲಿಮೀಟರ್ ಎತ್ತರದ ವೃತ್ತದ ಕಟ್ಟು ಮೇಲ್ಭಾಗದಲ್ಲಿ ಒಳಕ್ಕೆ ಸುಮಾರು 21 ಮಿಲಿಮೀಟರ್ ನೆರಳು ಚೆಲ್ಲಿ ಬೆಟ್ಟದ ನೆತ್ತಿಯನ್ನು ನುಂಗಬಹುದು. ಆಗ ಕಟ್ಟಿನ ಒಳಅಂಚನ್ನು ನೇರವಾಗಿ ಕಡಿಯದೆ ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಮೇಲ್ಭಾಗದಲ್ಲಿ ಅದರ ಎತ್ತರವನ್ನು 8ಕ್ಕೆ ಇಳಿಸಬೇಕು. ಒತ್ತಕ್ಷರಗಳ ವಿಷಯದಲ್ಲಿ ಮಾತ್ರ ನೆರಳು ನಮ್ಮ ಪರವಾಗಿದೆ. ಮೂಲಾಕ್ಷರವೂ ಒತ್ತೂ ಒಂದೇ ಎತ್ತರದಲ್ಲಿರುವುದರಿಂದ ನೆರಳು ಒತ್ತಿನ ಮುಖದ ಮೇಲೆ ಬೀಳದೆ ಎರಡರ ನಡುವಿನ ಸಂದನ್ನಷ್ಟೇ ತುಂಬುತ್ತದೆ, ಅಕ್ಷರ ಇನ್ನೂ ಸ್ಪಷ್ಟವಾಗುತ್ತದೆ. ಯಾರಾದರೂ ಅಂದಕ್ಕೆಂದು ಒತ್ತುಗಳನ್ನು ತಗ್ಗಿಸಲು ಹೇಳಿದರೆ ಒಪ್ಪಬೇಡಿ.

ನೇರ ಗೋಡೆಗಳಿಗೆ 5ರಿಂದ 10 ಡಿಗ್ರಿ ಓರೆ ಕೊಡುವುದು ಇನ್ನೊಂದು ಅಗತ್ಯ. ಓರೆಯಿದ್ದರೆ ಎಳೆ ಕಿತ್ತುಬರುವುದು ಕಡಿಮೆಯಾಗುತ್ತದೆ, ಉಪ್ಪು ಕಾಗದ ಮತ್ತು ಬ್ರಶ್ ಬುಡದವರೆಗೆ ಹೋಗುತ್ತವೆ, ದೂಳು ಕೂರುವುದೂ ತಗ್ಗುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಕಾಣುವ, ಹಿಂಬದಿಯಿಂದಲೂ ಕೊರೆದು ಬಿಡಿಸಿದ ಆಳವನ್ನು ಈ ಯಂತ್ರದಿಂದ ನಿರೀಕ್ಷಿಸುವಂತಿಲ್ಲ. ಮೂರು ಅಕ್ಷಗಳ ಸಾಮಾನ್ಯ ರೌಟರ್ ಮೇಲಿನಿಂದ ಕೆಳಕ್ಕೆ ಮಾತ್ರ ನೋಡಬಲ್ಲದು. ಎಲೆಯ ತುದಿಯ ಅಡಿಯನ್ನು ಟೊಳ್ಳು ಮಾಡಬೇಕಾದರೆ ಅದು ಉಳಿಯ ಕೆಲಸವೇ.

ಪಟ್ಟಿ ಸಿದ್ಧವಾದ ಮೇಲೆ ರೆಂಬೆಯ ಭಾಗವನ್ನಾದರೂ ಮಕ್ಕಳು ಆಡುವ ಮೇಣದ ಜೇಡಿಯಲ್ಲಿ ಅರ್ಧ ಅಳತೆಗೆ ಮಾಡಿ, ಟಾರ್ಚ್ ಹಿಡಿದು ನೋಡಿರಿ. ಅರ್ಧ ದಿನದ ಈ ಕೆಲಸ ತೇಗದ ಒಂದು ಹಲಗೆಯನ್ನು ಉಳಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಮರದ ಆಯ್ಕೆ

ಒಳಾಂಗಣದ ಫಲಕಕ್ಕೆ, ಮರದ ಬಣ್ಣವೇ ಕಾಣಬೇಕೆಂದಿದ್ದರೆ, ತೇಗಕ್ಕೆ ಸಾಟಿ ಕಡಿಮೆ. ಅದು ಕುಗ್ಗುವುದು, ಹಿಗ್ಗುವುದು ಅಷ್ಟಾಗಿಲ್ಲ. ಎಣ್ಣೆಯಂಶವಿರುವುದರಿಂದ ಹುಳವೂ ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ಅದರಲ್ಲಿ ಸಿಲಿಕಾ ಇರುವ ಕಾರಣ ಬಿಟ್‌ನ ಹರಿತ ಬೇಗ ಸವೆಯುತ್ತದೆ, ಅದೇ ಎಣ್ಣೆಯಂಶದಿಂದ ಅಂಟು ಹಿಡಿಯುವುದೂ ಕಷ್ಟ. ಆದುದರಿಂದ ಹಲಗೆಗಳನ್ನು ಜೋಡಿಸುವ ಮುನ್ನ ಅಂಚುಗಳನ್ನು ಅಸಿಟೋನ್ ಅಥವಾ ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಬೇಕು. 600 ಮಿಲಿಮೀಟರ್ ಅಗಲದ ಒಂದೇ ಹಲಗೆ ಸಿಕ್ಕರೂ ತೆಗೆದುಕೊಳ್ಳಬೇಡಿ, ಅದು ಬಾಗದೆ ಇರದು. 100ರಿಂದ 125 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಎಳೆ ಒಂದೇ ದಿಕ್ಕಿಗೆ ಇರುವಂತೆ ಅಂಚಿಗೆ ಅಂಚು ಕೂಡಿಸಿ, ಚೇಗನ್ನು ಮಾತ್ರ ಬಳಸಿ, ಬಿಳಿಯ ಭಾಗವನ್ನು ತೆಗೆದುಹಾಕಿರಿ. ತೇವಾಂಶ 8ರಿಂದ 12 ಪ್ರತಿಶತದೊಳಗೆ ಇರಬೇಕು. ಮಂಗಳೂರಿನ ಮಳೆಗಾಲದಲ್ಲಿ ಗೋದಾಮಿನಲ್ಲಿದ್ದ ಮರವನ್ನು ತಂದು ಬೆಂಗಳೂರಿನ ಎ.ಸಿ. ಕಚೇರಿಗೆ ಫಲಕ ಮಾಡಿದರೆ ಕೂಡಿಸಿದ ಕೀಲುಗಳು ಬಾಯಿ ಬಿಡುವುದು ಹೆಚ್ಚುಕಡಿಮೆ ಖಚಿತ. ಅಂಥ ಮರವನ್ನು ಎರಡು ಮೂರು ವಾರವಾದರೂ ಒಣ ಕೋಣೆಯಲ್ಲಿ ಗಾಳಿಯಾಡುವಂತೆ ಇಟ್ಟು ಒಗ್ಗಿಸಬೇಕು.

ಬಣ್ಣ ಬಳಿಯುವುದಾದರೆ ತೇಗ ದಂಡ. ಎಂಡಿಎಫ್ ಅಥವಾ ಅದಕ್ಕಿಂತ ಗಟ್ಟಿಯಾದ ಎಚ್‌ಡಿಎಚ್‌ಎಮ್‌ಆರ್ ಹಲಗೆ (ಎರಡೂ ಮರದ ನಾರನ್ನು ಒತ್ತಿ ಮಾಡಿದವು) ಎಳೆಯಿಲ್ಲದೆ ಬೆಣ್ಣೆಯಂತೆ ಕೊರೆಯಲು ಬರುತ್ತದೆ. ಎಂಡಿಎಫ್ ನೀರು ಸೋಕಿದರೆ ಊದಿಕೊಳ್ಳುವುದರಿಂದ ಹೊರಗೋಡೆಗೆ ಅದು ಬೇಡವೇ ಬೇಡ. ಪ್ಲೈವುಡ್ ಕಡಿದಾಗ ಪದರಗಳು ಗೆರೆಗೆರೆಯಾಗಿ ಕಾಣುವುದರಿಂದ ಉಬ್ಬುಕೆತ್ತನೆಗೆ ಒಗ್ಗದು.

ಮಾದರಿ ಮತ್ತು ಯಂತ್ರ

ಎತ್ತರದ ಪಟ್ಟಿಯನ್ನು ಕಂಪ್ಯೂಟರಿಗೆ ಹೇಳುವ ದಾರಿಗಳು ಹಲವು. ವೆಕ್ಟ್ರಿಕ್ ಆಸ್ಪೈರ್ ಈ ಕೆಲಸಕ್ಕೆಂದೇ ಇರುವ ತಂತ್ರಾಂಶ. ನಮ್ಮ ಊರುಗಳ ಬಾಗಿಲು ಕೆತ್ತನೆಯ ಅಂಗಡಿಗಳಲ್ಲಿ ಆರ್ಟ್‌ಕ್ಯಾಮ್ ಇನ್ನೂ ಓಡುತ್ತಿದೆ. ಆಟೋಡೆಸ್ಕ್ ಅದನ್ನು 2018ರಲ್ಲಿ ನಿಲ್ಲಿಸಿದ ಮೇಲೆ ಅದೇ ಪರಂಪರೆ ಕಾರ್ವ್‌ಕೋ ಹೆಸರಿನಲ್ಲಿ ಮುಂದುವರಿದಿದೆ. ಹಣ ಹಾಕಲು ಮನಸ್ಸಿಲ್ಲದವರಿಗೆ ಬ್ಲೆಂಡರ್ ಎಂಬ ಉಚಿತ ತಂತ್ರಾಂಶ ಇದೆ. ಇನ್ನು ಕೆಲವರು ಬೂದುಬಣ್ಣದ ಚಿತ್ರವೊಂದನ್ನು ಮಾಡಿ, ಬಿಳಿ ಎಂದರೆ ಎತ್ತರ, ಕಪ್ಪು ಎಂದರೆ ತಗ್ಗು ಎಂದು ಯಂತ್ರಕ್ಕೆ ಓದಿಸುತ್ತಾರೆ. ಹಾಗೆ ಮಾಡುವವರು ಒಂದು ಲೆಕ್ಕವನ್ನು ನೆನಪಿಡಬೇಕು. 8 ಬಿಟ್ ಚಿತ್ರದಲ್ಲಿ (ಇಲ್ಲಿ ಬಿಟ್ ಎಂದರೆ ಕೊರೆಯುವ ಮೊನೆಯಲ್ಲ, ಕಂಪ್ಯೂಟರಿನ ಅಳತೆ) ಬೂದುಬಣ್ಣದ 256 ಛಾಯೆಗಳು ಮಾತ್ರ. 22 ಮಿಲಿಮೀಟರನ್ನು ಅಷ್ಟು ಭಾಗ ಮಾಡಿದರೆ ಒಂದೊಂದು ಮೆಟ್ಟಿಲು ಸುಮಾರು 0.09 ಮಿಲಿಮೀಟರ್ ಆಗುತ್ತದೆ. ಕೇಳಲು ಸಣ್ಣದು, ಆದರೆ ಎಲೆಯ ಇಳಿಜಾರು ಮೆಲ್ಲನೆ ಸಾಗುವ ಕಡೆ, ಓರೆ ಬೆಳಕಿನಲ್ಲಿ, ಮಲೆನಾಡಿನ ಮೆಟ್ಟಿಲು ಗದ್ದೆಗಳಂತೆ ಅದು ಕಾಣುತ್ತದೆ. ಆದುದರಿಂದ 16 ಬಿಟ್ ಚಿತ್ರವನ್ನೇ ಬಳಸಿ, ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಿ. ಜೆಪೆಗ್ ಆದರೆ ಅದರ ಕಸವೆಲ್ಲ ಮರದ ಮೇಲೆ ಮೊಡವೆಯಾಗಿ ಏಳುತ್ತದೆ. ಕಂಪನಿಯ ಬಣ್ಣದ ಲಾಂಛನವನ್ನೇ ಬೂದು ಮಾಡಿ ಯಂತ್ರಕ್ಕೆ ಕೊಡುವ ಅಡ್ಡದಾರಿಯೂ ಇದೆ. ಅಲ್ಲಿ ಹಳದಿ ಭಾಗ ಬೆಟ್ಟವಾಗಿ, ಕಡುಗೆಂಪು ಹಣ್ಣು ಹೊಂಡವಾಗಿ ಬರುತ್ತದೆ, ಏಕೆಂದರೆ ಬಣ್ಣದ ಗಾಢತೆಗೂ ಎತ್ತರಕ್ಕೂ ಯಾವ ನಂಟೂ ಇಲ್ಲ.

ಯಂತ್ರದ ಕೆಲಸವನ್ನು ಮೂರು ಬಿಟ್‌ಗಳಿಗೆ ಹಂಚುವುದು ವಾಡಿಕೆ. 6 ಮಿಲಿಮೀಟರಿನ ಚಪ್ಪಟೆ ತುದಿಯ ಬಿಟ್ ಮೊದಲು ಬೇಡವಾದ ಮರವನ್ನು ತೆಗೆಯುತ್ತದೆ. ಒಂದು ಸುತ್ತಿಗೆ 3 ಮಿಲಿಮೀಟರ್ ಇಳಿಯುತ್ತ, ಕೊನೆಗೆ ಬರಬೇಕಾದ ಮೇಲ್ಮೈಗಿಂತ ಸುಮಾರು 0.7 ಮಿಲಿಮೀಟರ್ ಮೇಲೆಯೇ ನಿಲ್ಲುತ್ತದೆ. ವೇಗದ ಲೆಕ್ಕ ಕಷ್ಟವಲ್ಲ: ನಿಮಿಷಕ್ಕೆ ಸುತ್ತು, ಬಿಟ್‌ನ ಅಲಗುಗಳ ಸಂಖ್ಯೆ, ಒಂದು ಅಲಗು ತೆಗೆಯಬೇಕಾದ ಸಿಬಿರಿನ ದಪ್ಪ, ಈ ಮೂರನ್ನು ಗುಣಿಸಬೇಕು. 16,000 ಸುತ್ತು, 2 ಅಲಗು, 0.1 ಮಿಲಿಮೀಟರ್ ಎಂದರೆ ನಿಮಿಷಕ್ಕೆ 3,200 ಮಿಲಿಮೀಟರ್ ಓಟ. ಹೆದರಿ ತೀರ ನಿಧಾನ ಓಡಿಸಿದರೆ ಸಿಬಿರಿನ ಬದಲು ಪುಡಿ ಬರುತ್ತದೆ, ಬಿಟ್ ಕಾಯುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ.

ಎಲೆ, ಹಣ್ಣುಗಳ ಮೈಗೆ ದುಂಡು ತುದಿಯ, ಬುಡ ದಪ್ಪ ತುದಿ ಸಣ್ಣದಾದ ಬಿಟ್ ಬೇಕು. ಆಳವಾದ ಜಾಗದಲ್ಲಿ ಅದು ತೆಳು ಬಿಟ್‌ನಂತೆ ನಡುಗುವುದಿಲ್ಲ. ಸಮಯವನ್ನು ತಿನ್ನುವ ಭಾಗ ಇದೇ. 1.5 ಮಿಲಿಮೀಟರ್ ತ್ರಿಜ್ಯದ ತುದಿಯನ್ನು 0.3 ಮಿಲಿಮೀಟರ್ ಅಂತರದಲ್ಲಿ ಸಾಲುಸಾಲಾಗಿ ಇಡೀ ಫಲಕದ ಮೇಲೆ ಓಡಿಸಿದರೆ 2,000 ಸಾಲು, ಒಟ್ಟು 1,800 ಮೀಟರ್, ನಿಮಿಷಕ್ಕೆ 2.5 ಮೀಟರಿನಂತೆ ಸರಿಯಾಗಿ 12 ಗಂಟೆ. ಗಂಟೆಗೆ ಇಷ್ಟೆಂದು ಬಾಡಿಗೆ ಹಾಕುವ ಜಾಬ್ ವರ್ಕ್ ಅಂಗಡಿಯಲ್ಲಿ ಇದು ಮರದ ಬೆಲೆಯನ್ನೂ ಮೀರಬಹುದು. ಸಮತಲವಾದ ಹಿನ್ನೆಲೆಗೆ ದುಂಡು ಬಿಟ್ ಬೇಕಿಲ್ಲ, ಅಲ್ಲಿ ಚಪ್ಪಟೆ ಬಿಟ್ ಸಾಕು. ದುಂಡು ಬಿಟ್ಟನ್ನು ರೆಂಬೆ ಇರುವ 320 ಮತ್ತು 250 ಮಿಲಿಮೀಟರಿನ ಆಯತಕ್ಕಷ್ಟೇ ಸೀಮಿತಗೊಳಿಸಿದರೆ ಅದೇ ನಯಗಾರಿಕೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಅಂತರವನ್ನು 0.6ಕ್ಕೆ ಏರಿಸಿದರೆ ಸಮಯ ಅರ್ಧವಾಗುತ್ತದೆ, ಸಾಲುಗಳ ನಡುವೆ ಉಳಿಯುವ ದಿಬ್ಬ ಮಾತ್ರ ನಾಲ್ಕು ಪಟ್ಟಾಗುತ್ತದೆ: 0.0075ರಿಂದ 0.03 ಮಿಲಿಮೀಟರಿಗೆ. ಕೈಯಿಂದ ಉಜ್ಜಲು ಸಿದ್ಧರಿರುವವರಿಗೆ ಅದೂ ನಡೆಯುತ್ತದೆ.

ಕೆಳಗಿನ ಸಣ್ಣ ಸಾಲಿಗೆ ವಿ ಆಕಾರದ ಬಿಟ್. ಇದರ ಸೊಗಸೆಂದರೆ ಗೆರೆ ಅಗಲವಾದಲ್ಲಿ ಆಳವಾಗಿ, ಕಿರಿದಾದಲ್ಲಿ ತೇಲಿಬಂದು, ತುದಿಯನ್ನು ಚೂಪಾಗಿ ಮುಗಿಸುತ್ತದೆ. ಉಳಿಯಿಂದ ಬರೆದ ಅಕ್ಷರದ ಗುಣ ಅದಕ್ಕಿದೆ. 90 ಡಿಗ್ರಿಯ ಬಿಟ್‌ನಲ್ಲಿ ಆಳವು ಗೆರೆಯ ಅಗಲದ ಅರ್ಧ: 8 ಮಿಲಿಮೀಟರ್ ಗೆರೆಗೆ 4 ಮಿಲಿಮೀಟರ್. 60 ಡಿಗ್ರಿಯದಾದರೆ ಅದೇ ಗೆರೆಗೆ ಸುಮಾರು 7 ಮಿಲಿಮೀಟರ್ ಇಳಿಯುತ್ತದೆ. ಹಿಂದೆ ಉಳಿದಿರುವ ಮರ 14 ಮಿಲಿಮೀಟರ್ ಎಂಬುದನ್ನು ಮರೆತು ದಪ್ಪ ಅಕ್ಷರಕ್ಕೆ 60 ಡಿಗ್ರಿ ಬಿಟ್ ಹಾಕಿದರೆ ಗತಿ ಏನೆಂದು ಊಹಿಸಿಕೊಳ್ಳಿ.

ನಿಜವಾದ ಹಲಗೆಗೆ ಕೈ ಹಾಕುವ ಮೊದಲು ಒಂದು ಹಣ್ಣು, ಅರ್ಧ ಎಲೆ, ಒಂದು ಒತ್ತಕ್ಷರ ಇಷ್ಟನ್ನು ಎಂಡಿಎಫ್ ತುಂಡಿನಲ್ಲಿ ಕೊರೆದು ನೋಡಿರಿ. ಯಂತ್ರ ಓಡುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮುಖಗವಸು ಇರಲೇಬೇಕು. ತೇಗದ ದೂಳು ಹಲವರಿಗೆ ತುರಿಕೆ, ಕೆಮ್ಮು ತರುತ್ತದೆ.

ಉಳಿ, ಬಣ್ಣ, ಮೆರುಗು

ಯಂತ್ರದಿಂದ ಇಳಿದ ಫಲಕ ನೋಡಲು ಮುಗಿದಂತಿರುತ್ತದೆ, ಆದರೂ ಎಲ್ಲ ಅಂಚುಗಳೂ ಒಂದೇ ಸಮನಾಗಿ ದುಂಡಗಾಗಿ ಸೋಪಿನಲ್ಲಿ ಎರಕ ಹೊಯ್ದಂತೆ ಕಾಣುತ್ತದೆ. ಇಲ್ಲಿ ಹರಿತವಾದ ಉಳಿಯ ಎರಡು ಗಂಟೆಯ ಕೆಲಸ ಫಲಕದ ಮುಖವನ್ನೇ ಬದಲಿಸುತ್ತದೆ. ಎಲೆ ಹಣ್ಣನ್ನು ತಾಗುವ ಕಡೆ ಬುಡವನ್ನು ಚೂಪಾಗಿ ಬಿಡಿಸುವುದು, ನಡುನರವನ್ನು ಒಂದೇ ಉಸಿರಿನಲ್ಲಿ ಎಳೆಯುವುದು, ಎಲೆಯ ತುದಿಯ ಅಡಿಯನ್ನು ಸ್ವಲ್ಪ ಟೊಳ್ಳು ಮಾಡಿ ಅದು ಹಲಗೆಯಿಂದ ಎದ್ದಂತೆ ತೋರಿಸುವುದು, ಇಷ್ಟು ಸಾಕು. ಉಳಿಯನ್ನು ಎಳೆಯ ಜಾಡಿಗೆ ಎದುರಾಗಿ ನೂಕಬೇಡಿ. ವೃತ್ತದ ಕಟ್ಟಿನಲ್ಲಿ ಎಳೆಯ ದಿಕ್ಕು ಕಾಲು ಸುತ್ತಿಗೊಮ್ಮೆ ಬದಲಾಗುವುದರಿಂದ ಅಲ್ಲಲ್ಲಿ ನಿಂತು ಕೈ ತಿರುಗಿಸಬೇಕಾಗುತ್ತದೆ. ಇದು ಕೈಗೆ ಬಾರದವರು ಬಲ್ಲವರಿಂದ ಮಾಡಿಸಿಕೊಳ್ಳುವುದು ಮೇಲು. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು; ಆ ಪರಂಪರೆಯ ಕೈಗೆ ತೇಗದ ಎಲೆಯೊಂದು ದೊಡ್ಡ ವಿಷಯವಲ್ಲ.

ಉಪ್ಪು ಕಾಗದವನ್ನು 120, 180, 220ರ ಕ್ರಮದಲ್ಲಿ ಎಳೆಯ ಗುಂಟ ಉಜ್ಜಿರಿ. ಅಕ್ಷರಗಳ ಮುಖಕ್ಕೆ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜದಿದ್ದರೆ ಅಂಚು ಕರಗಿ, ಕಷ್ಟಪಟ್ಟು ಗಳಿಸಿದ ನೆರಳಿನ ಗೆರೆ ಮಸುಕಾಗುತ್ತದೆ. ಆಮೇಲೆ ಮರದ ರಂಧ್ರ ಮುಚ್ಚುವ ಸೀಲರ್, ಅದರ ಮೇಲೆ ಮ್ಯಾಟ್ ಪಿಯು, ಅಂದರೆ ಹೊಳಪಿಲ್ಲದ ಪಾಲಿಯುರೆಥೇನ್ ಲೇಪ. ಹೊಳಪಿನ ಪಾಲಿಶ್ ಬೇಡ ಎಂದು ನಾನು ಒತ್ತಿ ಹೇಳುತ್ತೇನೆ. ಹೊಳೆಯುವ ಮೈ ದೀಪವನ್ನೇ ಕನ್ನಡಿಯಂತೆ ತೋರಿಸಿ ಉಬ್ಬುತಗ್ಗುಗಳನ್ನು ಮರೆಸುತ್ತದೆ.

ಸಂಸ್ಥೆಯ ಬಣ್ಣಗಳು ಬೇಕೇ ಬೇಕೆಂದರೆ, ಒಂದೇ ಹಸಿರನ್ನು ಎಲೆಗೆಲ್ಲ ಬಳಿದ ಮೇಲೆ ಅದೇ ಹಸಿರಿನ ಗಾಢ ಛಾಯೆಯನ್ನು ತೆಳುವಾಗಿ ಹಚ್ಚಿ, ಆರುವ ಮೊದಲೇ ಉಬ್ಬಿನ ಮೇಲಿನದನ್ನು ಬಟ್ಟೆಯಿಂದ ಒರೆಸಿಬಿಡಿ. ತಗ್ಗಿನಲ್ಲಿ ಉಳಿದ ಬಣ್ಣ ನೆರಳಿಗೆ ನೆರವಾಗುತ್ತದೆ. ನೆರಳು ಬಿದ್ದ ಬಣ್ಣ, ಮುದ್ರಿತ ಬಣ್ಣಕ್ಕೆ ಎಂದೂ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಗ್ರಾಹಕರಿಗೆ ಮಾದರಿ ತುಂಡಿನ ಮೇಲೆ ಮೊದಲೇ ತೋರಿಸಿ ಸಹಿ ಪಡೆಯಿರಿ. ಅಕ್ಷರಗಳಿಗೆ ಹಾಳೆಚಿನ್ನ ಹೊದಿಸುವುದಾದರೆ, ಅಪ್ಪಟ ಚಿನ್ನ ಕಪ್ಪಾಗುವುದಿಲ್ಲ. ಹಿತ್ತಾಳೆ ಬಣ್ಣದ ನಕಲಿ ಹಾಳೆಗೆ ಮೇಲಿನಿಂದ ವಾರ್ನಿಶ್ ಇಲ್ಲದಿದ್ದರೆ ಕಪ್ಪಾಗುತ್ತದೆ.

ಗೋಡೆಗೆ ಏರಿಸುವುದು

ಕೊರೆಯುವ ಮೊದಲು ಹಲಗೆ ಸುಮಾರು 12.5 ಕಿಲೋ ಇರುತ್ತದೆ; ಕೆತ್ತಿದ ಮೇಲೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರ ಬೆನ್ನಿಗೆ ಎರಡು ಅಡ್ಡಪಟ್ಟಿಗಳನ್ನು ಎಳೆಗೆ ಅಡ್ಡಲಾಗಿ ಕೂರಿಸಬೇಕು, ಅಂಟು ಹಾಕದೆ, ತಿರುಪಿನ ತೂತನ್ನು ಉದ್ದುದ್ದ ಕೊರೆದು. ಮರ ಹಿಗ್ಗಿ ಕುಗ್ಗಲು ಆಗ ಜಾಗವಿರುತ್ತದೆ. ತೂಗುಹಾಕಲು 45 ಡಿಗ್ರಿಯಲ್ಲಿ ಸೀಳಿದ ಜೋಡಿಪಟ್ಟಿಗಿಂತ ಒಳ್ಳೆಯ ಉಪಾಯವಿಲ್ಲ: ಒಂದು ಸೀಳು ಗೋಡೆಗೆ, ಇನ್ನೊಂದು ಫಲಕಕ್ಕೆ, ಒಂದರೊಳಗೊಂದು ಕುಳಿತುಕೊಳ್ಳುತ್ತವೆ, ಬೇಕೆಂದಾಗ ಎತ್ತಿ ತೆಗೆಯಬಹುದು. ಜಿಪ್ಸಂ ಗೋಡೆಯಾದರೆ ಜಿಪ್ಸಂ ಹಲಗೆಯನ್ನು ಮಾತ್ರ ನಂಬದೆ ಒಳಗಿನ ಲೋಹದ ಚಾನೆಲ್‌ಗೆ ತಿರುಪು ಹೊಡೆಯಬೇಕು. ಇದೇ ಲಾಂಛನವನ್ನು ಹೊರಗಿನ ನಾಮಫಲಕವಾಗಿಯೂ ಹಾಕುವ ಯೋಚನೆಯಿದ್ದರೆ, ನಾಮಫಲಕದಲ್ಲಿ 60 ಪ್ರತಿಶತ ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂಬ ಕರ್ನಾಟಕದ 2024ರ ತಿದ್ದುಪಡಿ ಕಾಯ್ದೆಯನ್ನು ಕೊರೆಯುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆತ್ತಿದ ಅಕ್ಷರವನ್ನು ಮೇಲೆ ಕೆಳಗೆ ಮಾಡಲು ಬರುವುದಿಲ್ಲ.

ದೀಪದ ಸ್ಥಾನವನ್ನು ಸೀಲಿಂಗ್ ಮುಚ್ಚುವ ಮೊದಲು ವಿದ್ಯುತ್ ಕೆಲಸದವರಿಗೆ ಹೇಳಿರಬೇಕು. ದೀಪ ಫಲಕದ ನಡುಭಾಗಕ್ಕಿಂತ 1.5 ಮೀಟರ್ ಮೇಲಿದ್ದರೆ, ಗೋಡೆಯಿಂದ 1.5 ಮೀಟರ್ ದೂರ ಇಟ್ಟಾಗ ಬೆಳಕು 45 ಡಿಗ್ರಿಯಲ್ಲಿ, ಸುಮಾರು 87 ಸೆಂಟಿಮೀಟರ್ ದೂರ ಇಟ್ಟಾಗ 30 ಡಿಗ್ರಿಯಲ್ಲಿ ಬೀಳುತ್ತದೆ. ಮರಕ್ಕೆ 3,000 ಕೆಲ್ವಿನ್ ಆಸುಪಾಸಿನ ಬೆಚ್ಚನೆಯ ಬೆಳಕು ಹೊಂದುತ್ತದೆ. ಎರಡು ದೀಪಗಳನ್ನು ಎರಡು ಬದಿಯಿಂದ ಹಾಕಿದರೆ ಒಂದರ ನೆರಳನ್ನು ಇನ್ನೊಂದು ಅಳಿಸಿ ಕೆತ್ತನೆ ಮತ್ತೆ ಚಪ್ಪಟೆಯಾಗುತ್ತದೆ, ಆದುದರಿಂದ ಒಂದೇ ಇರಲಿ. ತಂತಿಯನ್ನು ಒಂದು ಗೇಣು ಉದ್ದ ಬಿಡಿಸಿಟ್ಟುಕೊಂಡು, ಫಲಕ ಏರಿಸಿದ ದಿನ ಸಂಜೆ ಒಬ್ಬರು ಏಣಿಯ ಮೇಲೆ ದೀಪವನ್ನು ಹಿಡಿದು ಹಿಂದೆ ಮುಂದೆ ಸರಿಸುತ್ತಿರಲಿ, ನೀವು ಬಾಗಿಲಲ್ಲಿ ನಿಂತು ನೋಡಿರಿ. ಹಣ್ಣಿನ ನೆರಳು ಎಲೆಯ ಮೇಲೆ ಬಿದ್ದು, ಹೆಸರಿನ ನೆರಳು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟದೆ ನಿಂತ ಜಾಗದಲ್ಲಿ ದೀಪಕ್ಕೆ ತಿರುಪು ಬಿಗಿಯಲು ಹೇಳಿ.